ದಿನಕ್ಕೆ ಮೂರೇ ಕತ್ತರಿ

ಮಾರ್ಚ್ 3, ಸೋಮವಾರ

ವಿಶೇಷ ಮಕ್ಕಳ ಕೇಂದ್ರದ ಟೀಚರಮ್ಮ ಎರಡು ನೋಟ್‌ಬುಕ್ ಕೊಟ್ಟರು. ಒಂದರಲ್ಲಿ ಮಗಳು ಏನು ತಿಂದಳು, ಎಷ್ಟು ಹೊತ್ತು ಅತ್ತಳು, ಯಾಕೆ ಅತ್ತಳು ಎಂದು ದಿನಾ ಬರೆದು ತರಬೇಕು. ಇನ್ನೊಂದು ನನಗಂತೆ. "ನಿಮ್ಮ ಹೊಟ್ಟೇಲಿರೋದನ್ನ ಇದರಲ್ಲಿ ಬರ್ಕೊಳ್ಳಿ, ನಾವ್ಯಾರೂ ಓದಲ್ಲ" ಎಂದರು. ಮೊದಲನೆಯದರಲ್ಲಿ ಇವತ್ತಿನದು ಬರೆದಾಯಿತು: ಎರಡು ಬಾಳೆಹಣ್ಣು, ಇಪ್ಪತ್ತು ನಿಮಿಷ, ಗೊತ್ತಿಲ್ಲ.

ಎರಡನೆಯದರಲ್ಲಿ ಏನು ಬರೆಯುವುದು? ನಾನು ಕಟಿಂಗ್ ಶಾಪ್ ನಡೆಸುವವನು. ಇಪ್ಪತ್ತೆರಡು ವರ್ಷದಿಂದ ಹೊಟ್ಟೆಯಲ್ಲಿರುವುದನ್ನೆಲ್ಲ ಗಿರಾಕಿಗಳ ಕಿವಿಗೆ ಸುರಿದು ಹಗುರಾಗಿದ್ದೇನೆ. ಕುರ್ಚಿಯಲ್ಲಿ ಕೂತವನು ಕತ್ತರಿ ನಿಲ್ಲುವ ತನಕ ಕೇಳಲೇಬೇಕು, ಬೇರೆ ದಾರಿಯಿಲ್ಲ. ಆದರೆ ಮಗಳ ವಿಷಯ ಮಾತ್ರ ಅಂಗಡಿಯಲ್ಲಿ ಎತ್ತುವುದಿಲ್ಲ. ಅದು ಈ ಪುಸ್ತಕಕ್ಕಿರಲಿ.

ಹೆಂಡತಿ ಬೆಳಗಿನ ರೈಲಿಗೆ ಹೋದಳು. ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಐದು ವಾರ ಅಲ್ಲಿರಬೇಕು, ಏಪ್ರಿಲ್ ಆರಕ್ಕೆ ವಾಪಸು. ಅಲ್ಲಿಯವರೆಗೆ ನಾನು, ಗಿಲಕಿ ಇಬ್ಬರೇ. ಗಿಲಕಿ ನಮ್ಮ ಮಗಳು, ಏಳು ವರ್ಷ. ಕೂಸಾಗಿದ್ದಾಗ ಗಿಲಕಿಯನ್ನು ಕೈಯಿಂದ ಬಿಡುತ್ತಿರಲಿಲ್ಲ, ಹೆಸರು ಹಾಗೇ ನಿಂತಿತು. ಮಾತಾಡುವುದಿಲ್ಲ. ಆಟಿಸಂ ಎಂದು ಡಾಕ್ಟರು ಹೇಳಿ ನಾಲ್ಕು ವರ್ಷವಾಯಿತು. ಅವಳನ್ನು ಎಬ್ಬಿಸುವುದು, ತಿನ್ನಿಸುವುದು, ಕೇಂದ್ರಕ್ಕೆ ಕರೆದೊಯ್ಯುವುದು ಎಲ್ಲ ಅವಳಮ್ಮನದೇ ಆಗಿತ್ತು. ನಾನು ಅಂಗಡಿ ಅಂಗಡಿ ಎಂದು ತಪ್ಪಿಸಿಕೊಂಡಿದ್ದೆ.

ಹೋಗುವಾಗ ಹೆಂಡತಿ ಹೇಳಿದ್ದು ಎರಡೇ ಮಾತು. "ಬಾಳೆಹಣ್ಣಿನ ತುದಿ ಮುರಿದಿದ್ರೆ ಅವಳು ತಿನ್ನಲ್ಲ. ಮತ್ತೆ, ರೀ, ಎಂಟನೇ ತಾರೀಖು ನೆನಪಿರಲಿ."

ಏಪ್ರಿಲ್ ಎಂಟನೇ ತಾರೀಖು ಗಿಲಕಿಯ ಕಟಿಂಗ್. ಆಸ್ಪತ್ರೆಯಲ್ಲಿ. ಅವಳ ತಲೆಗೆ ಕೈ ತಾಗಿದರೆ ಸಾಕು, ಕಿರುಚಿ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಾಳೆ. ಕತ್ತರಿಯಂತೂ ದೂರದ ಮಾತು. ಹಾಗೆಂದು ಬಿಡುವಂತೆಯೂ ಇಲ್ಲ. ಕೂದಲು ಬಾಯಿಯವರೆಗೆ ಬೆಳೆದರೆ ಅಗಿದು ನುಂಗುತ್ತಾಳೆ, ಅದು ಹೊಟ್ಟೆಯಲ್ಲಿ ಉಂಡೆಗಟ್ಟಿದರೆ ಆಪರೇಷನ್ನೇ ಗತಿ ಎಂದು ಡಾಕ್ಟರು ಹೆದರಿಸಿದ್ದಾರೆ. ಅದಕ್ಕೇ ಎರಡು ಸಲ ಅರಿವಳಿಕೆ ಕೊಟ್ಟು ಕತ್ತರಿಸಿದ್ದು. ಕತ್ತರಿಸಿದವನು ನಾನೇ. ಅಲುಗಾಡದೆ ಮಲಗಿದ್ದ ಮಗಳ ತಲೆ. ಅಷ್ಟು ಅಚ್ಚುಕಟ್ಟಾದ ಕಟಿಂಗ್ ನಾನು ಬೇರೆ ಯಾರಿಗೂ ಮಾಡಿಲ್ಲ. ಎಚ್ಚರವಾದ ಮೇಲೆ ಎರಡು ದಿನ ವಾಂತಿ ಮಾಡಿಕೊಂಡಳು. ತನ್ನ ತಲೆಯನ್ನು ತಾನೇ ಮುಟ್ಟಿ ಮುಟ್ಟಿ, ಕಳೆದುಹೋದದ್ದನ್ನು ಹುಡುಕುತ್ತಿದ್ದಳು.

ಈ ಸಲ ಹಾಗಾಗಬಾರದು. ಎಂಟರೊಳಗೆ ಎಚ್ಚರವಿರುವಾಗಲೇ ಕತ್ತರಿಸಬೇಕು. ಊರಿನ ತಲೆಯೆಲ್ಲ ತಿದ್ದುವವನಿಗೆ ಮನೆಯದೊಂದು ತಲೆ ಆಗುವುದಿಲ್ಲವೆಂದರೆ ದೀಪದ ಬುಡದಲ್ಲೇ ಕತ್ತಲೆ. ಐದು ವಾರವಿದೆ, ನೋಡೋಣ.

ಮಾರ್ಚ್ 4, ಮಂಗಳವಾರ

ಹಿಂದಿನ ಗಲ್ಲಿಯಿಂದಲೇ ಕೇಂದ್ರಕ್ಕೆ ಹೋದೆವು. ದೂರ ಜಾಸ್ತಿ, ಚರಂಡಿಯ ವಾಸನೆ ಬೇರೆ. ಆದರೆ ಮುಖ್ಯರಸ್ತೆಯಲ್ಲಿ ಹೆಜ್ಜೆಗೊಬ್ಬ ಗಿರಾಕಿ ಸಿಗುತ್ತಾನೆ. ಕಣ್ಣು ಮುಚ್ಚುವಷ್ಟು ಕೂದಲು ಬಿಟ್ಟ ಮಗು ನನ್ನ ಕೈ ಹಿಡಿದು ಬಂದರೆ ನಾಳೆ ಯಾವನು ನನ್ನ ಕುರ್ಚಿಯಲ್ಲಿ ಕೂರುತ್ತಾನೆ?

ಹತ್ತರಿಂದ ಹನ್ನೊಂದೂವರೆ ಮಕ್ಕಳು ಒಳಗೆ, ಹೆತ್ತವರು ಹೊರಗೆ ವರಾಂಡದ ಬೆಂಚಿನಲ್ಲಿ. ಇವತ್ತು ಇಬ್ಬರಿದ್ದರು. ಒಬ್ಬರು ಬಸ್ ಕಂಡಕ್ಟರ್ ಹೆಂಗಸು, ಖಾಕಿಯಲ್ಲೇ ಬಂದಿದ್ದರು. ಒಂಬತ್ತು ವರ್ಷದ ಮಗ ಗಾಲಿಕುರ್ಚಿಯಲ್ಲಿ ಒಳಗೆ ಹೋದ. ಇನ್ನೊಬ್ಬರು ದೊಡ್ಡ ಕಟ್ಟಡಗಳ ಕೆಲಸದಲ್ಲಿ ಕ್ರೇನ್ ಓಡಿಸುವವರು. ಅವರ ಮಗನೂ ಗಿಲಕಿಯ ಹಾಗೆ ಮಾತಾಡುವುದಿಲ್ಲ, ಹನ್ನೊಂದು ವರ್ಷಕ್ಕೇ ಅಪ್ಪನ ಭುಜದೆತ್ತರ ಬೆಳೆದಿದ್ದಾನೆ. ಕಂಡಕ್ಟರಕ್ಕ, ಕ್ರೇನಣ್ಣ ಎಂದು ಮನಸ್ಸಿನಲ್ಲೇ ಹೆಸರಿಟ್ಟೆ. ಕ್ರೇನಣ್ಣನ ತಲೆ ನೋಡಿ ಕಣ್ಣಿಗೆ ಮುಳ್ಳು ಚುಚ್ಚಿದ ಹಾಗಾಯಿತು. ಅಲ್ಲೊಂದು ಗುಳಿ, ಇಲ್ಲೊಂದು ದಿಬ್ಬ. ಯಾವ ದಡ್ಡ ಕತ್ತರಿಸಿದನೋ.

ಆದರೂ ಕನಿಕರ ಉಕ್ಕಿ ಬಂತು. "ನಿಮ್ಮಂಥವರನ್ನ ನೋಡಿದ್ರೆ ಕೈ ಮುಗೀಬೇಕು ಅನ್ಸುತ್ತೆ. ದೇವರಂಥವ್ರು ನೀವು" ಎಂದೆ.

ಕಂಡಕ್ಟರಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕೈ ಆಮೇಲೆ ಮುಗೀರಿ. ಈಗ ಸ್ವಲ್ಪ ಸರಿದು ಕೂತ್ಕೊಳ್ಳಿ, ಮೂರು ಜನದ ಸೀಟಲ್ಲಿ ಒಬ್ರೇ ಹರಡ್ಕೊಂಡಿದ್ದೀರ. ಒಳಗಿರೋದು ನಿಮ್ಮ ಮಗಳೇ ತಾನೆ?"

"ಹೌದು."

"ಹಾಗಾದ್ರೆ ನೀವೂ ನಮ್ಮಂಥವರೇ. ನಿಮಗೆ ನೀವೇ ಕೈ ಮುಗ್ಕೊಳ್ತೀರಾ?"

ಕ್ರೇನಣ್ಣ ಮುಖ ತಿರುಗಿಸಿಕೊಂಡು ನಕ್ಕರು. ನಾನು ಸರಿದು ಕೂತೆ.

ಮಾರ್ಚ್ 6, ಗುರುವಾರ

ಉಪಾಯ ಹೊಳೆದಿತ್ತು. ಗಿಲಕಿಗೆ ವಾಷಿಂಗ್ ಮಷಿನ್ ಎಂದರೆ ಪ್ರಾಣ. ಅದರ ಗಾಜಿನ ಬಾಗಿಲ ಮುಂದೆ ಕಾಲು ಮಡಚಿ ಕೂತರೆ ಬಟ್ಟೆ ತಿರುಗುವುದು ನಿಲ್ಲುವ ತನಕ ಏಳುವುದಿಲ್ಲ. ಹಿಂದಿನಿಂದ ಹೋಗಿ, ಎಡಗೈಯಲ್ಲಿ ನೆತ್ತಿ ಹಿಡಿದು, ಕಣ್ಣ ಮೇಲಿನ ಕೂದಲನ್ನು ಒಂದೇ ಏಟಿಗೆ ತೆಗೆದುಬಿಡುವುದು. ಇಡೀ ಬೀದಿಯಲ್ಲಿ ನನ್ನಷ್ಟು ಚುರುಕಾದ ಕೈ ಇನ್ನೊಂದಿಲ್ಲ. ಅವಳಿಗೆ ಗೊತ್ತಾಗುವ ಹೊತ್ತಿಗೆ ಮುಗಿದಿರುತ್ತದೆ.

ಮುಗಿಯಲಿಲ್ಲ. ನನ್ನ ಬೆರಳು ನೆತ್ತಿಗೆ ತಾಗಿದ್ದಷ್ಟೇ. ಅವಳ ಕೂಗಿಗೆ ಕೆಳಮನೆಯ ಅಕ್ಕ ಮೆಟ್ಟಿಲು ಹತ್ತಿ ಓಡಿ ಬಂದರು. ಮಧ್ಯಾಹ್ನದ ಹೊತ್ತು ಗಿಲಕಿಯನ್ನು ನೋಡಿಕೊಳ್ಳುವವರು ಅವರೇ. ಮಗಳ ಹಣೆ ಬುಗುಟೆ ಎದ್ದಿದೆ. ಒಂದು ಎಳೆ ಕೂದಲೂ ಬೀಳಲಿಲ್ಲ. ಕತ್ತರಿ ನನ್ನ ಬೆರಳಿಗೇ ತಾಗಿತು, ಅದು ಆಗಬೇಕಾದ್ದೇ.

ಮಾರ್ಚ್ 7, ಶುಕ್ರವಾರ

ನಾನು ಅಡುಗೆಮನೆಗೆ ಹೋದರೆ ಅವಳು ಹೊರಗೆ. ನಾನು ಹೊರಗೆ ಬಂದರೆ ಅವಳು ಒಳಗೆ. ಬಾಳೆಹಣ್ಣನ್ನು ನೆಲದ ಮೇಲಿಟ್ಟು ದೂರ ಹೋಗಿ ನಿಂತೆ, ಆಗ ತಿಂದಳು. ಫೋನಿನಲ್ಲಿ ಹೆಂಡತಿಗೆ "ಎಲ್ಲ ಆರಾಮ" ಎಂದೆ.

ಮಾರ್ಚ್ 11, ಮಂಗಳವಾರ

ಬೆಂಚಿನಲ್ಲಿ ಮಂಗಳವಾರ ಒಂದು ಸ್ಪರ್ಧೆಯಿರುತ್ತದಂತೆ. ವಾರವಿಡೀ ಸಿಕ್ಕಸಿಕ್ಕವರು ಕೊಟ್ಟ ಉಪದೇಶಗಳಲ್ಲಿ ಯಾರಿಗೆ ಸಿಕ್ಕಿದ್ದು ಎಲ್ಲಕ್ಕಿಂತ ದೊಡ್ಡದೋ ಅವರಿಗೆ ಟೀ ಪುಕ್ಕಟೆ. ಕಂಡಕ್ಟರಕ್ಕನಿಗೆ ಪ್ರಯಾಣಿಕನೊಬ್ಬ, ಗಾಲಿಕುರ್ಚಿ ಬಚ್ಚಿಟ್ಟರೆ ಹುಡುಗ ತಾನಾಗಿಯೇ ನಡೆಯುತ್ತಾನೆ ಎಂದಿದ್ದನಂತೆ.

"ನಿಮ್ಮ ಕನ್ನಡಕ ಕೊಡಿ, ಬಚ್ಚಿಡ್ತೀನಿ, ನಾಳೆಯಿಂದ ಎಲ್ಲ ನಿಚ್ಚಳವಾಗಿ ಕಾಣುತ್ತೆ ಅಂದೆ" ಎಂದರು ಕಂಡಕ್ಟರಕ್ಕ.

"ನಂದು ಕೇಳಿ" ಎಂದರು ಕ್ರೇನಣ್ಣ. "ಪಕ್ಕದ ಮನೆಯವನು ಹೇಳ್ತಾನೆ, ನನ್ನ ಹೆಂಡ್ತೀನ ಒಂದು ವಾರ ನಿಮ್ಮನೇಲಿ ಬಿಡ್ತೀನಿ, ನಿನ್ನ ಮಗನಿಗೆ ಮಾತು ಬರದಿದ್ರೆ ಕೇಳು ಅಂತ."

ಟೀ ಕ್ರೇನಣ್ಣನಿಗೇ ಹೋಯಿತು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ಸಲುಗೆಯಲ್ಲಿ ಬಾಯಿ ಜಾರಿ ಗುರುವಾರದ್ದನ್ನೂ ಎಂಟನೇ ತಾರೀಖಿನದನ್ನೂ ಹೇಳಿಬಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ.

"ಕಳ್ಳನ ಹಾಗೆ ಹಿಂದಿನಿಂದ ಹೋದ್ರಾ?" ಎಂದರು ಕ್ರೇನಣ್ಣ. "ಬಿಡಿ, ನಾನೂ ಹೋಗಿದ್ದೆ. ಮೂಗಿನ ಮೇಲೆ ಗುದ್ದಿದ್ದ."

"ಈಗ ಯಾರು ಕತ್ತರಿಸ್ತಾರೆ ಅವನಿಗೆ?"

"ಮೊದಲು ಅವನು ನನ್ನ ತಲೆಗೆ ಮಷಿನ್ ಹಾಕ್ತಾನೆ, ಆಮೇಲೆ ನಾನು ಅವನ ತಲೆಗೆ. ಈ ಹಂತಕ್ಕೆ ಬರೋಕೆ ಎರಡು ವರ್ಷ ಬೇಕಾಯ್ತು." ಹಾಗೆನ್ನುತ್ತ ಆ ಗುಳಿದಿಬ್ಬದ ತಲೆಯನ್ನು ಹೆಮ್ಮೆಯಿಂದ ಸವರಿಕೊಂಡರು.

ಎರಡು ವರ್ಷ ಆ ತಲೆ ಹೊತ್ತು ಕೆಲಸಕ್ಕೆ ಹೋಗಿ ಬಂದಿದ್ದಾರೆ. ದಡ್ಡ ಎಂದು ಬರೆದದ್ದನ್ನು ಹಿಂದಿನ ಪುಟಕ್ಕೆ ಹೋಗಿ ಹೊಡೆದುಹಾಕಬೇಕೆನಿಸಿತು. ಇರಲಿ, ನನಗೆ ಬುದ್ಧಿ ಬರಲಿ.

ಏಳುವಾಗ ಕ್ರೇನಣ್ಣ ಇನ್ನೊಂದು ಹೇಳಿದರು. "ಮೇಲೆತ್ತಿದ ಹೊರೆ ತೂಗಾಡೋಕೆ ಶುರುವಾದ್ರೆ ಹೊಸಬರು ಗಕ್ಕನೆ ಬ್ರೇಕ್ ಹಾಕ್ತಾರೆ. ಇನ್ನೂ ಜೋರಾಗಿ ತೂಗುತ್ತೆ. ಅದು ಎತ್ತ ಹೋ‌ಗುತ್ತೋ ನಾವೂ ಅತ್ತ ಹೋಗ್ಬೇಕು. ಆಗ ತಾನಾಗೇ ನಿಲ್ಲುತ್ತೆ." ಕೂದಲಿಗೂ ಕ್ರೇನಿಗೂ ಏನು ಸಂಬಂಧವೋ ಹೊಳೆಯಲಿಲ್ಲ. ಸುಮ್ಮನೆ ತಲೆಯಾಡಿಸಿದೆ.

ಮಾರ್ಚ್ 13, ಗುರುವಾರ

ಕ್ರೇನಣ್ಣನ ತಲೆ ನೋಡಿ ನೋಡಿ ತಡೆಯಲಾಗಲಿಲ್ಲ. ಕತ್ತರಿ, ಬಾಚಣಿಗೆ ತೆಗೆದುಕೊಂಡು ಹೋಗಿ ವರಾಂಡದಲ್ಲೇ ಕೂರಿಸಿ ಶುರು ಮಾಡಿದೆ. ಕಂಡಕ್ಟರಕ್ಕ ಟಿಕೆಟ್ ಇಲ್ಲದವನನ್ನು ನೋಡುವ ಹಾಗೆ ನನ್ನ ಕೈಯನ್ನೇ ನೋಡುತ್ತಿದ್ದರು.

"ನೀವು ತಲೆ ಹಿಡೀತೀರ" ಎಂದರು.

"ನಾನೆಲ್ಲಿ ಹಿಡಿದೆ?"

"ಎಡಗೈ ನೋಡ್ಕೊಳ್ಳಿ."

ನೋಡಿಕೊಂಡೆ. ನಾಲ್ಕು ಬೆರಳು ಕ್ರೇನಣ್ಣನ ನೆತ್ತಿಯ ಮೇಲೆ ಕೂತು ಅವರ ತಲೆಯನ್ನು ಬಲಕ್ಕೆ ಬಗ್ಗಿಸಿದ್ದವು. ಯಾವಾಗ ಹೋಗಿ ಕೂತವೋ ನನಗೇ ಗೊತ್ತಿಲ್ಲ.

"ಆ ಕೈ ಜೇಬಲ್ಲಿಟ್ಟು ಕತ್ತರಿಸಿ, ನೋಡೋಣ."

ಅದೇನು ಮಹಾ ಎಂದು ಜೇಬಿಗೆ ಹಾಕಿದೆ. ಎರಡು ಸಲ ಕತ್ತರಿ ಆಡಿಸುವುದರೊಳಗೆ ಅದು ಹೊರಗೆ ಬಂದು ನೆತ್ತಿ ಹಿಡಿದಿತ್ತು. ಮತ್ತೆ ಹಾಕಿದೆ, ಮತ್ತೆ ಬಂತು. ಕೊನೆಗೆ ಕಂಡಕ್ಟರಕ್ಕ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡೇ ನಿಂತರು. ಆಗ ಬಲಗೈ ದಿಕ್ಕೆಟ್ಟು ಕ್ರೇನಣ್ಣನ ಕಿವಿಯ ಮೇಲೆ ಮೂರು ಮೆಟ್ಟಿಲು ಮಾಡಿತು. ನಾವು ನಕ್ಕ ನಗುವಿಗೆ ಟೀಚರಮ್ಮ ಬಾಗಿಲು ತೆರೆದು, ಒಳಗಿನ ಮಕ್ಕಳೇ ವಾಸಿ ಎಂದು ಹೇಳಿ ಹೋದರು.

ಮನೆಗೆ ಬಂದ ಮೇಲೆ ಯೋಚಿಸಿದೆ. ಇಪ್ಪತ್ತೆರಡು ವರ್ಷ ಎಲ್ಲರ ತಲೆಯನ್ನೂ ನನಗೆ ಬೇಕಾದ ಕಡೆ ತಿರುಗಿಸಿಕೊಂಡೇ ಕೆಲಸ ಮಾಡಿದ್ದೇನೆ. ಬೆರಳು ತಾಗಿಸಿದರೆ ಸಾಕು, ಸಾಹುಕಾರನಾದರೂ ತಲೆ ಬಗ್ಗಿಸುತ್ತಾನೆ. ಗಿಲಕಿ ಬಗ್ಗಿಸುವುದಿಲ್ಲ. ಕ್ರೇನಿನ ಮಾತು ಈಗ ತಲೆಗೆ ಹೋಯಿತು.

ಮಾರ್ಚ್ 17, ಸೋಮವಾರ

ಎಡಗೈಯನ್ನು ಬೆನ್ನ ಹಿಂದೆ ಬೆಲ್ಟಿಗೆ ಸಿಕ್ಕಿಸಿಕೊಂಡು ಅಂಗಡಿಯಲ್ಲಿ ಅಭ್ಯಾಸ ಶುರು. ತಲೆ ತಿರುಗಿಸುವ ಹಾಗಿಲ್ಲ, ನಾನೇ ತಿರುಗಬೇಕು. ಹಳೇ ಗಿರಾಕಿ ಹೆಡ್‌ಮಾಸ್ಟರು ಕನ್ನಡಿಯಲ್ಲಿ ನನ್ನನ್ನು ಹುಡುಕಿ ಹುಡುಕಿ ಸುಸ್ತಾದರು.

"ಏನಯ್ಯಾ ಇದು, ಗಾಣದೆತ್ತಿನ ಹಾಗೆ ನನ್ನ ಸುತ್ತ ಸುತ್ತುತ್ತಿದ್ದೀಯ?"

"ಹೊಸ ಪದ್ಧತಿ ಸಾರ್."

"ಹಳೇದೇ ಚೆನ್ನಾಗಿತ್ತು. ಹನ್ನೆರಡಕ್ಕೆ ಕೂತಿದ್ದೀನಿ, ಊಟದ ಹೊತ್ತು ಮೀರಿಹೋಯ್ತು."

ಕಾಯುತ್ತಿದ್ದ ಇಬ್ಬರು ಎದ್ದು ಎದುರಂಗಡಿಗೆ ಹೋದರು. ಎದುರಂಗಡಿಯ ಯಜಮಾನರು ಬಾಗಿಲಲ್ಲಿ ನಿಂತು ಮೀಸೆಯಡಿ ನಗುತ್ತಿದ್ದರು. ಅವರದೂ ಕಟಿಂಗ್ ಶಾಪ್, ವಯಸ್ಸು ಅರವತ್ತು ದಾಟಿದೆ. ಹದಿನಾಲ್ಕು ವರ್ಷದಿಂದ ಎದುರುಬದುರು ಇದ್ದರೂ ಬಿಸಿಲು, ಮಳೆ ಬಿಟ್ಟು ಬೇರೆ ಮಾತಾಡಿಲ್ಲ. ನಗಲಿ.

ಮಾರ್ಚ್ 19, ಬುಧವಾರ

ವಾಷಿಂಗ್ ಮಷಿನ್ ಮುಂದೆ ಕೂತ ಗಿಲಕಿಯಿಂದ ಎರಡು ಮಾರು ದೂರದಲ್ಲಿ, ಅವಳಿಗೆ ಕಾಣುವ ಹಾಗೆ ಪಕ್ಕದಲ್ಲಿ ಕೂತು, ಹಳೇ ಪೇಪರ್ ಕತ್ತರಿಸುತ್ತಿದ್ದೇನೆ. ಮೂರು ದಿನವಾಯಿತು. ಮೊದಲ ದಿನ ಎದ್ದು ಹೋದಳು. ನಿನ್ನೆ ಕಿವಿ ಮುಚ್ಚಿಕೊಂಡಳು. ಇವತ್ತು ಒಂದು ವಿಷಯ ಗಮನಿಸಿದೆ. ಕತ್ತರಿ ಪೇಪರಿನಲ್ಲಿ ಓಡುವಾಗ ಅವಳ ಕೈ ಮಡಿಲಲ್ಲೇ ಇರುತ್ತದೆ. ಪೇಪರ್ ತಿರುಗಿಸಿಕೊಳ್ಳುವ ನಡುವೆ ನಾನು ಬರೀ ಗಾಳಿಯಲ್ಲಿ ಕಚಕಚ ಅನ್ನಿಸುತ್ತೇನಲ್ಲ, ಆಗ ಕಿವಿ ಮುಚ್ಚುತ್ತಾಳೆ.

ನಮ್ಮ ಕಸುಬಿನವರೆಲ್ಲ ಹೀಗೇ. ಎರಡು ಏಟಿನ ನಡುವೆ ಕತ್ತರಿಯನ್ನು ಸುಮ್ಮನಿರಿಸುವುದಿಲ್ಲ, ತಾಳ ಹಾಕುತ್ತಲೇ ಇರುತ್ತೇವೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಅಂಗಡಿಗುಣ, ಅಷ್ಟೇ ಮೊಂಡು. ಅದನ್ನೂ ಬಿಡಬೇಕು. ಬಟ್ಟೆಗಳ ಪಾಡು ಹೇಳುವುದು ಬೇಡ. ಒಗೆದದ್ದನ್ನೇ ಒಗೆದು ನನ್ನ ನೀಲಿ ಅಂಗಿ ಬೆಳ್ಳಗಾಗಿದೆ.

ಮಾರ್ಚ್ 21, ಶುಕ್ರವಾರ

ಆಯಿತು. ಒಂದು ಏಟು.

ನಿಧಾನವಾಗಿ ಬರೆಯುತ್ತೇನೆ. ಸಂಜೆ ಮಷಿನ್ ತಿರುಗುತ್ತಿತ್ತು. ಅವಳ ಪಕ್ಕದಲ್ಲಿ ಕೂತು ಎಡಗೈಯನ್ನು ತೊಡೆಯಡಿ ಒತ್ತಿಕೊಂಡೆ. ಕತ್ತರಿ ತೋರಿಸಿದೆ. ಅವಳು ಹಿಂದೆ ಮುಂದೆ ತೂಗುತ್ತ ಕೂರುವವಳು; ನಾನೂ ಅವಳ ಜೊತೆ ತೂಗಿದೆ. ಯಾರಾದರೂ ನೋಡಿದ್ದರೆ ಇಬ್ಬರಿಗೂ ಔಷಧಿ ಬರೆಯುತ್ತಿದ್ದರು. ಅರ್ಧ ಗಂಟೆ ಹಾಗೇ. ಅವಳು ಮುಂದೆ ಬಾಗಿದಾಗ ಎಡಗಣ್ಣ ಮೇಲಿನ ಕೂದಲು ತಾನಾಗಿಯೇ ಕತ್ತರಿಯ ಬಾಯಿಗೆ ಬಂತು. "ಒಂದು" ಎಂದೆ. ಕತ್ತರಿಸಿದೆ. "ಮುಗೀತು" ಎಂದೆ.

ಬೆರಳಿನಷ್ಟು ದಪ್ಪದ ಕೂದಲು ಅವಳ ಮಡಿಲಿಗೆ ಬಿತ್ತು. ಎತ್ತಿ ನೋಡಿದಳು. ನನ್ನ ಮೊಣಕಾಲ ಮೇಲಿಟ್ಟಳು. ಮತ್ತೆ ಮಷಿನ್ ನೋಡತೊಡಗಿದಳು.

ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಖುಷಿಗೆ ಅಳುತ್ತಾರೆ ಎನ್ನುವುದು ಸುಳ್ಳೆಂದುಕೊಂಡಿದ್ದೆ.

ಮಾರ್ಚ್ 25, ಮಂಗಳವಾರ

ದಿನಕ್ಕೆ ಮೂರು. ಇದು ಟೀಚರಮ್ಮನ ಲೆಕ್ಕ. "ಯಾವಾಗ ಮುಗಿಯುತ್ತೆ ಅಂತ ಗೊತ್ತಿದ್ರೆ ಮಕ್ಕಳು ತಡ್ಕೊಳ್ತಾರೆ. ಗೊತ್ತಿಲ್ಲದಿದ್ರೆ ದೊಡ್ಡವರಿಗೂ ಆಗಲ್ಲ" ಎಂದರು. ಒಂದು, ಎರಡು, ಮೂರು, ಮುಗೀತು. ಕತ್ತರಿ ಡಬ್ಬಿಗೆ. ಡಬ್ಬಿಯ ಮುಚ್ಚಳ ಮುಚ್ಚುವುದು ಅವಳ ಕೆಲಸ, ಅದನ್ನು ಬಹಳ ಗಂಭೀರವಾಗಿ ಮಾಡುತ್ತಾಳೆ.

ಎಡಗಣ್ಣು ಕೂದಲ ಮರೆಯಿಂದ ಪೂರ್ತಿ ಹೊರಗೆ ಬಂದಿದೆ. ಅವಳ ಕಣ್ಣು ಥೇಟ್ ನನ್ನ ಅಮ್ಮನದು. ಇಷ್ಟು ದಿನ ಕಂಡೇ ಇರಲಿಲ್ಲ.

ಹಿಂದಿನ ಗಲ್ಲಿ ಬಿಟ್ಟು ಈಗ ಮುಖ್ಯರಸ್ತೆಯಲ್ಲೇ ಹೋಗುತ್ತೇವೆ. ಅಲ್ಲಿನ ಐಸ್‌ಕ್ರೀಮ್ ಅಂಗಡಿಯ ಮುಂದೆ ತಿರುಗುವ ಬೋರ್ಡೊಂದಿದೆ. ಅದರ ಮುಂದೆ ದಿನಾ ಹತ್ತು ನಿಮಿಷ ನಿಲ್ಲುತ್ತೇವೆ, ಅದಕ್ಕೇ ಮನೆಯಿಂದ ಬೇಗ ಹೊರಡಬೇಕು. ಇವತ್ತಿನ ಸ್ಪರ್ಧೆಯಲ್ಲಿ ನಾನು ಗೆದ್ದೆ. ಆ ಬೋರ್ಡಿನ ಹತ್ತಿರ ಒಬ್ಬ, "ಮಗುಗೆ ಹೀಗೆ ಕತ್ತರಿಸಿದ್ದು ಯಾವನು? ನಮ್ಮ ಬೀದೀಲಿ ಒಬ್ಬ ಒಳ್ಳೇ ಕಟಿಂಗ್‌ನವನಿದ್ದಾನೆ, ಅಲ್ಲಿಗೆ ಕರ್ಕೊಂಡು ಹೋಗಿ" ಎಂದು ನನ್ನ ಅಂಗಡಿಯ ವಿಳಾಸವನ್ನೇ ಕೊಟ್ಟ. ಕಂಡಕ್ಟರಕ್ಕ ಟೀ ಜೊತೆಗೆ ಬನ್ನನ್ನೂ ಕೊಡಿಸಿದರು.

ಮಾರ್ಚ್ 28, ಶುಕ್ರವಾರ

ಕೆಡಿಸಿಬಿಟ್ಟೆ.

ಮೂರು ಮುಗಿದಿತ್ತು. ಅವಳು ಶಾಂತವಾಗಿ ಕೂತಿದ್ದಳು. ಹಣೆಯ ನಡುವೆ ಒಂದೇ ಒಂದು ಎಳೆ ಉಳಿದವುಗಳಿಗಿಂತ ಅರ್ಧ ಅಂಗುಲ ಉದ್ದ ಎದ್ದು ನಿಂತಿತ್ತು. ಬೇರೆ ಯಾರಿಗೂ ಅದು ಕಾಣುತ್ತಿರಲಿಲ್ಲ. ನನಗೆ ಅದನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಹಾಗೊಂದು ಎಳೆ ಬಿಟ್ಟು ಯಾರನ್ನೂ ಕುರ್ಚಿಯಿಂದ ಏಳಿಸಿದವನಲ್ಲ. ಕೈ ಹೋಗೇ ಹೋಯಿತು, ನಾಲ್ಕನೇ ಏಟು.

ಅವಳು ಕಿರುಚಲಿಲ್ಲ. ನನ್ನ ಮುಖ ನೋಡಿದಳು, ಅದೂ ನೇರವಾಗಿ. ಎದ್ದು ಹೋಗಿ ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಮಷಿನ್ ಒಂದೇ ತಿರುಗಿತು. ಕಿರುಚಿದ್ದರೆ ಎಷ್ಟೋ ವಾಸಿಯಿತ್ತು.

ಮಾರ್ಚ್ 29, ಶನಿವಾರ

ಮಷಿನ್ ಹಾಕಿದೆ. ಬರಲಿಲ್ಲ.

ಮಾರ್ಚ್ 31, ಸೋಮವಾರ

ಬೆಂಚಿನಲ್ಲಿ ಹೇಳಿಕೊಂಡೆ. ಕ್ರೇನಣ್ಣ ಲೊಚಗುಟ್ಟಿದರು. ಕಂಡಕ್ಟರಕ್ಕ, "ಮೂರು ಸ್ಟಾಪಿಗೆ ಟಿಕೆಟ್ ತಗೊಂಡು ನಾಲ್ಕನೇದರಲ್ಲಿ ಇಳಿದ್ರಿ. ದಂಡ ಕಟ್ಟಿ" ಎಂದರು.

"ಹೇಗೆ ಕಟ್ಟೋದಕ್ಕ? ಇನ್ನು ಎಂಟು ದಿನ ಇದೆ. ಬಲಗಡೆ ಮುಟ್ಟೇ ಇಲ್ಲ."

ಅವರು ಮಗನಿದ್ದ ಕೋಣೆಯ ಬಾಗಿಲ ಕಡೆ ನೋಡಿದರು. "ನಾನೂ ಒಂದ್ಸಲ ಮಾಡಿದ್ದೆ. ಕೈ ಹಿಡ್ಕೊಂಡು ನಿಲ್ಲೋ ಅಭ್ಯಾಸ, ಒಂದು ನಿಮಿಷ ಅಂದಿದ್ದೆ. ಚೆನ್ನಾಗಿ ನಿಂತಿದ್ದಾನೆ ಅಂತ ಎರಡು ನಿಮಿಷ ನಿಲ್ಲಿಸಿದೆ. ಆಮೇಲೆ ಒಂದು ತಿಂಗಳು ನನ್ನ ಕೈ ಹಿಡೀಲಿಲ್ಲ. ಬಾಯಲ್ಲಿ ಕ್ಷಮಿಸು ಅಂದ್ರೆ ಕೇಳಿಸಲ್ಲ ಇವರಿಗೆ. ಹೇಳಿದಷ್ಟೇ ಮಾಡ್ಬೇಕು. ಮಾರನೇ ದಿನವೂ ಹೇಳಿದಷ್ಟೇ ಮಾಡ್ಬೇಕು. ನಮಗೇ ಬೇಜಾರಾಗೋವರೆಗೂ."

"ದಣಿವಾಗಲ್ವಾ ನಿಮಗೆ?"

"ಯಾಕಾಗಲ್ಲ? ಒಂದೊಂದು ಭಾನುವಾರ ಬಾಗಿಲು ಹಾಕ್ಕೊಂಡು ಅಳ್ತೀನಿ. ಇವನು ಕುರ್ಚಿ ತಳ್ಕೊಂಡು ಬಂದು ಬಾಗಿಲು ಬಡೀತಾನೆ, ಅಮ್ಮಾ ಮುಗೀತಾ, ನನಗೆ ಹಸಿವಾಗಿದೆ ಅಂತ. ಅಲ್ಲಿಗೆ ನಗು ಬಂದುಬಿಡುತ್ತೆ."

ಮೊದಲ ದಿನ ಇವರಿಗೆ ಕೈ ಮುಗಿಯಬೇಕೆಂದಿದ್ದೆ. ಈಗ ಹಾಗನ್ನಿಸುವುದಿಲ್ಲ. ದಿನಾ ಪಕ್ಕದಲ್ಲಿ ಕೂರಬೇಕೆನ್ನಿಸುತ್ತದೆ.

ಸಂಜೆ ಗಿಲಕಿ ಮೂಲೆಯಲ್ಲೇ ಇದ್ದಳು. ನಾನು ದೂರದಲ್ಲಿ ಕೂತು ಪೇಪರ್ ಕತ್ತರಿಸಿದೆ. ಒಂದು, ಎರಡು, ಮೂರು, ಮುಗೀತು. ಡಬ್ಬಿಯನ್ನು ಅವಳ ಪಕ್ಕದಲ್ಲಿಟ್ಟು ಬಂದೆ. ಮುಚ್ಚಳ ತೆರೆದೇ ಇತ್ತು.

ಏಪ್ರಿಲ್ 2, ಬುಧವಾರ

ನಿನ್ನೆಯೂ ಪೇಪರ್, ಮೂರೇ. ಮುಚ್ಚಳ ಮುಚ್ಚಿದಳು, ಆದರೆ ಹತ್ತಿರ ಬರಲಿಲ್ಲ. ಇವತ್ತು ಮಷಿನ್ ಹಾಕಿದ ಹತ್ತು ನಿಮಿಷಕ್ಕೆ ಬಂದು ಕೂತಳು. ನನ್ನ ಕಡೆ ಬೆನ್ನು, ಆದರೂ ಪಕ್ಕದಲ್ಲೇ. ಮೂರು ಏಟು. ಮೂರೇ.

ರಾತ್ರಿ ಅಡುಗೆ ಮಾಡುವಾಗ ಸಿಳ್ಳೆ ಹೊಡೆಯುತ್ತಿದ್ದೆನಂತೆ. ಕೆಳಮನೆಯ ಅಕ್ಕ ದೂರು ಹೇಳಿದರು.

ಏಪ್ರಿಲ್ 5, ಶನಿವಾರ

ಲೆಕ್ಕ ಹಾಕಿದರೆ ಆಗುವುದಿಲ್ಲ. ಎಡಗಡೆ ಕಿವಿಯವರೆಗೆ ಆಗಿದೆ, ಹಣೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿದೆ, ಬಲಗಡೆ ಭುಜದವರೆಗೆ ಹಾಗೇ ಇದೆ. ಇನ್ನು ಮೂರು ದಿನ.

ಇವತ್ತು ಮೂರು ಮುಗಿದ ಮೇಲೂ ಅವಳು ಏಳಲಿಲ್ಲ. ಮಷಿನ್ ಕೂಡ ನಿಂತಿತ್ತು. ಬಲಗಡೆಯ ಕೂದಲು ನನ್ನ ಕೈಗೆ ಒಂದು ಗೇಣು ದೂರ. ಇನ್ನೂ ಹತ್ತು ಏಟು ಹೊಡೆದಿದ್ದರೂ ಕೂತಿರುತ್ತಿದ್ದಳೋ ಏನೋ. "ಮುಗೀತು" ಎಂದು ಕತ್ತರಿ ಡಬ್ಬಿಗೆ ಹಾಕಿದೆ. ಅವಳು ಮುಚ್ಚಳ ಮುಚ್ಚಿ ಎದ್ದು ಹೋದಳು. ಎರಡು ಬಾಳೆಹಣ್ಣು ತಿಂದಳು, ಒಂದರ ತುದಿ ಮುರಿದಿತ್ತು.

ಏಪ್ರಿಲ್ 6, ಭಾನುವಾರ

ಹೆಂಡತಿಯನ್ನು ಕರೆತರಲು ಇಬ್ಬರೂ ರೈಲು ನಿಲ್ದಾಣಕ್ಕೆ ಹೋದೆವು. ಇಳಿದವಳು ಮಗಳನ್ನು ನೋಡಿ ಚೀಲ ಕೆಳಗಿಟ್ಟಳು. ಮುಟ್ಟಲಿಲ್ಲ. ಒಂದು ಸುತ್ತು ಬಂದು ನೋಡಿದಳು.

"ಏನ್ರೀ ಇದು?"

"ಎಚ್ಚರವಾಗಿದ್ದಾಗ ಮಾಡಿದ್ದು."

ಚೀಲದ ಮೇಲೇ ಕೂತು ನಗತೊಡಗಿದಳು. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ನಿಲ್ದಾಣದ ಮಂದಿಯೆಲ್ಲ ನನ್ನನ್ನು ಕೆಟ್ಟ ಗಂಡನನ್ನು ನೋಡುವ ಹಾಗೆ ನೋಡಿದರು. ಗಿಲಕಿ ಸಾಮಾನಿನ ಗಾಡಿಯ ಚಕ್ರ ನೋಡುತ್ತಿದ್ದಳು.

ಸಂಜೆಯ ಮೂರನ್ನು ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಬಲಗಡೆ ಬಾಯಿಗೆ ಬೀಳುತ್ತಿದ್ದ ಕೂದಲನ್ನೇ ಆರಿಸಿ ತೆಗೆದೆ. ಇನ್ನು ಯಾವ ಎಳೆಯೂ ಬಾಯಿಗೆ ತಾಗುವುದಿಲ್ಲ, ಬಲಗಿವಿಯ ಹಿಂದಿನದೂ ಕತ್ತಿನ ಕಡೆಯದೂ ಮಾತ್ರ ಉಳಿದಿದೆ.

"ಎಂಟನೇ ತಾರೀಖಿಗೆ ಏನ್ ಮಾಡೋಣ?" ಎಂದಳು ಹೆಂಡತಿ ಆಮೇಲೆ.

"ನೀನೇ ಹೇಳು."

"ನಾನ್ಯಾಕೆ ಹೇಳ್ಲಿ? ಕಟಿಂಗ್ ಮಾಡೋರು ನೀವು."

ಏಪ್ರಿಲ್ 7, ಸೋಮವಾರ

ಬೆಳಗ್ಗೆ ಆಸ್ಪತ್ರೆಗೆ ಫೋನ್ ಮಾಡಿ ನಾಳೆ ಬರುವುದಿಲ್ಲ ಎಂದೆ.

"ಯಾಕೆ? ಡಾಕ್ಟ್ರಿಗೆ ಏನಂತ ಹೇಳ್ಲಿ?" ಎಂದಳು ಆ ಕಡೆಯ ಹುಡುಗಿ.

"ಬಾಯಿಗೆ ಬೀಳ್ತಿದ್ದಿದ್ದೆಲ್ಲ ಕತ್ತರಿಸಿ ಆಯ್ತು, ಉಳಿದಿದ್ದು ನಡೀತಾ ಇದೆ ಅಂತ ಹೇಳಿ."

"ಈಗ ನಡೀತಾ ಇದ್ಯಾ? ಎಷ್ಟೊತ್ತಾಗುತ್ತೆ?"

"ಇನ್ನೊಂದು ಹದಿನೈದು ದಿನ."

ಪಕ್ಕದಲ್ಲಿದ್ದ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಕೇಂದ್ರ ಮುಗಿದ ಮೇಲೆ ಗಿಲಕಿಯನ್ನು ಅಂಗಡಿಗೆ ಕರೆದುಕೊಂಡು ಹೊರಟೆ. ಪ್ರಯಾಣ ಮಾಡಿ ಬಂದ ಹೆಂಡತಿ ಮನೆಯಲ್ಲಿ ಸ್ವಲ್ಪ ಮಲಗಲಿ ಎಂದು. ಎದುರಂಗಡಿಯ ಮುಂದೆ ಬಂದಾಗ ಗಿಲಕಿ ನಿಂತುಬಿಟ್ಟಳು. ಒಳಗೆ ಗೋಡೆಗೆ ಹಾಕಿದ ಫ್ಯಾನ್ ತಿರುಗುತ್ತಿತ್ತು. ಯಜಮಾನರು ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಹೊರಗೆ ಬಂದರು.

"ಏನಯ್ಯಾ ಇದು, ಇಲಿ ಕಡಿದ ಹಾಗಿದೆ. ಯಾರ ಕೈಕೆಲಸ?"

"ನಂದೇ ಅಣ್ಣ. ನನ್ನ ಮಗಳು. ತಲೆ ಮುಟ್ಟಿದ್ರೆ ಆಗಲ್ಲ ಅವಳಿಗೆ. ದಿನಕ್ಕೆ ಮೂರು ಏಟು ಹಾಕ್ತಾ ಇದ್ದೀನಿ."

"ತಲೆ ಮುಟ್ಟದೇನೇ?"

"ಮುಟ್ಟದೇನೇ."

ಅವರ ನಗು ನಿಂತಿತು. ಕನ್ನಡಕ ಏರಿಸಿ ಎಡಗಿವಿಯ ಪಕ್ಕವನ್ನು ಬಹಳ ಹೊತ್ತು ನೋಡಿದರು. ನಲವತ್ತು ವರ್ಷ ಕತ್ತರಿ ಹಿಡಿದವರು, ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಬಲಗಡೆ ನೋಡಬೇಕೆನಿಸಿತು. ತಮಗೇ ಗೊತ್ತಿಲ್ಲದೆ ಎಡಗೈ ಚಾಚಿ ನಾಲ್ಕು ಬೆರಳು ಅವಳ ನೆತ್ತಿಯ ಕಡೆ ತಂದರು. ನಾನು ನಡುವೆಯೇ ಅವರ ಮಣಿಕಟ್ಟು ಹಿಡಿದೆ.

"ತಲೆ ತಿರುಗಿಸಬೇಡಿ ಅಣ್ಣ. ಆ ಕಡೆ ನೋಡ್ಬೇಕು ಅಂದ್ರೆ ನೀವೇ ಆ ಕಡೆ ಹೋಗಿ."

ಯಜಮಾನರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಆ ಕಡೆ ಹೋದರು.